ಹೊಲದ ಅಂಚು ಹಕ್ಕಿಗೆ, ಪ್ರಾಣಿಗೆ: ಬಯಲುಸೀಮೆಯಲ್ಲಿ ಮರ ಮತ್ತು ಮೇವು ಬೆಳೆಸುವ ಬಗೆ

ತುಮಕೂರು, ಚಿತ್ರದುರ್ಗ, ಅರಸೀಕೆರೆ ಕಡೆ ಹಳ್ಳಿಯಲ್ಲಿ ಒಂದೆರಡು ಎಕರೆ ಬೀಳು ಇಟ್ಟುಕೊಂಡಿರುವವರು ಬಹಳ ಜನ ಇದ್ದಾರೆ. ಬೋರ್‌ವೆಲ್ ಕೊರೆಸಿ ಅಡಿಕೆ ಹಾಕಲು ಮನಸ್ಸಿಲ್ಲ, ಮಾರಲೂ ಮನಸ್ಸಿಲ್ಲ. ಹಕ್ಕಿ, ಪ್ರಾಣಿಗಳಿಗೆ ಅಂತ ಬಿಟ್ಟರೆ ಹೇಗೆ ಎಂದು ಯೋಚಿಸುತ್ತಿರುತ್ತಾರೆ. ಇದು ಅಂಥವರಿಗಾಗಿ ಬರೆದದ್ದು. ಪೂರ್ತಿ ಜಮೀನು ಬಿಡಬೇಕಿಲ್ಲ. ಬದು, ಬೇಲಿ, ಹಳ್ಳದ ದಡ, ಕಲ್ಲು ಜಾಸ್ತಿ ಇರುವ ಮೂಲೆ ಇಷ್ಟನ್ನೇ ನೆಟ್ಟಗೆ ನೋಡಿಕೊಂಡರೂ ಸಾಕಷ್ಟು ಆಗುತ್ತದೆ.

ಶುರು ಮಾಡುವ ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಮಳೆಗಾಲದಲ್ಲಿ ಯಾವ ಹಕ್ಕಿಗೂ ನಿಮ್ಮ ನೆರವು ಬೇಡ. ಹುಳ, ಹಣ್ಣು, ಹುಲ್ಲಿನ ಬೀಜ ಎಲ್ಲ ಇರುತ್ತದೆ. ಸಂಕ್ರಾಂತಿಗೆ ರಾಗಿ, ಹುರುಳಿ ಕಣ ಸೇರಿದ ಮೇಲೆ ಮೊದಲ ಮುಂಗಾರು ಹನಿ ಬೀಳುವವರೆಗೆ ಹೊಲ ಬರಿದು. ಆ ನಾಲ್ಕು ತಿಂಗಳು ತಿನ್ನಲು ಏನಿರುತ್ತದೆ, ಅಡಗಲು ಎಲ್ಲಿ ಜಾಗ ಇರುತ್ತದೆ ಎಂಬುದರ ಮೇಲೆ ನಿಮ್ಮ ಎಲ್ಲ ಕೆಲಸ ನಿಂತಿದೆ. ಎಷ್ಟು ಗಿಡ ನೆಟ್ಟೆ ಎಂದು ಎಣಿಸುವ ಬದಲು ಯಾವ ತಿಂಗಳಲ್ಲಿ ಏನು ಸಿಗುತ್ತದೆ ಎಂದು ಎಣಿಸಿ.

ಮೊದಲ ಹೆಜ್ಜೆ: ಜಮೀನು ಓದುವುದು

ಗುದ್ದಲಿ ಹಿಡಿಯುವ ಮೊದಲು ಒಂದು ಬೇಸಿಗೆ, ಒಂದು ಮಳೆಗಾಲ ಸುಮ್ನೆ ನೋಡಿ. ಬೆಳಿಗ್ಗೆ ಆರು ಗಂಟೆಗೆ ಒಂದು ಸುತ್ತು ಹಾಕಿದರೆ ಮಣ್ಣಿನ ಮೇಲೆ ಹೆಜ್ಜೆ ಕಾಣುತ್ತದೆ, ಹಿಕ್ಕೆ ಕಾಣುತ್ತದೆ. ಪುನುಗು ಬೆಕ್ಕಿನ ಹಿಕ್ಕೆ ಬಂಡೆಯ ಮೇಲೆ, ಬಿದ್ದ ದಿಮ್ಮಿಯ ಮೇಲೆ ಇರುತ್ತದೆ. ಒಣಗಿದ ಮೇಲೆ ಅದರಲ್ಲಿ ಬೀಜ ಬೇರೆ ಬೇರೆಯಾಗಿ ತೋರುತ್ತದೆ. ಈಚಲು, ನೇರಳೆ, ಅತ್ತಿ ಯಾವುದು ಇದೆ ನೋಡಿ. ನಿಮ್ಮ ಸುತ್ತ ಯಾವ ಮರ ಹಣ್ಣು ಬಿಡುತ್ತಿದೆ, ಯಾವುದನ್ನು ಪ್ರಾಣಿ ಹುಡುಕಿ ತಿನ್ನುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆ ಪುರಾವೆ ಇಲ್ಲ.

ಕುರಿ ಕಾಯುವವರನ್ನು ಮಾತಾಡಿಸಿ. ಹಳ್ಳದಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ನರಿ ಬಿಲ ಎಲ್ಲಿದೆ, ಮೊದಲು ಯಾವ ಮರ ಇತ್ತು, ಯಾರು ಕಡಿದರು ಎಲ್ಲ ಅವರಿಗೆ ಗೊತ್ತಿರುತ್ತದೆ. ಒಂದು ಹಾಳೆಯಲ್ಲಿ ಜಮೀನಿನ ನಕ್ಷೆ ಬರೆದು ಇದ್ದ ಮರ, ಹುತ್ತ, ಬಂಡೆ, ನೀರು ಹರಿಯುವ ದಾರಿ ಗುರುತು ಹಾಕಿಕೊಳ್ಳಿ. ಹುತ್ತ ಒಡೆಯಬೇಡಿ. ಉಡ, ಹಾವು, ಮುಂಗುಸಿ ಎಲ್ಲಕ್ಕೂ ಅದೇ ಮನೆ.

ಎರಡನೆಯದು: ಇದು ಮರದ ಜಾಗವೋ, ಹುಲ್ಲಿನ ಜಾಗವೋ?

ಇದನ್ನು ಕೇಳದೆಯೇ ಗಿಡ ನೆಡುವವರು ಜಾಸ್ತಿ. ನಿಮ್ಮದು ತೆಳುಮಣ್ಣಿನ ಹುಲ್ಲುಗಾವಲಾಗಿದ್ದು, ಸುತ್ತ ಮೈಲುಗಟ್ಟಲೆ ಹಾಗೇ ಇದ್ದರೆ ಅಲ್ಲಿ ಮರ ನೆಡುವುದು ಅಪಕಾರ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಉಳಿದಿರುವುದು ಬಯಲು ಬಯಲಾಗಿ ಉಳಿದಿದ್ದಕ್ಕೆ. ಆ ಜಾಗವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ರಾಣೆಬೆನ್ನೂರಿನಲ್ಲಿ ಬೇರೆ ಆಯಿತು. ಹುಲ್ಲುಗಾವಲಿನ ಮೇಲೆ ನೀಲಗಿರಿ ನೆಡುತೋಪು ಎಬ್ಬಿಸಿದರು. ಒಂದು ಕಾಲಕ್ಕೆ ಅಲ್ಲಿ ಓಡಾಡಿಕೊಂಡಿದ್ದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಅಲ್ಲಿಲ್ಲ. ದೂರದಿಂದ ಶತ್ರು ಕಾಣುವ ಬಯಲೇ ಅದಕ್ಕೂ ಕೃಷ್ಣಮೃಗಕ್ಕೂ ರಕ್ಷಣೆ.

ಅಂಥ ಜಾಗದಲ್ಲಿ ನಿಮ್ಮ ಕೆಲಸ ಸುಲಭ. ಬಳ್ಳಾರಿ ಜಾಲಿ ಕಿತ್ತುಹಾಕಿ, ಉಳುಮೆ ಮಾಡಬೇಡಿ, ಹುಲ್ಲು ಬೀಜ ಉದುರುವವರೆಗೆ ಕೊಯ್ಯಬೇಡಿ. ದನ ಮೇಯಲಿ, ಆದರೆ ಸರದಿಯಲ್ಲಿ. ಒಂದು ಭಾಗ ಮೇಯುವಾಗ ಇನ್ನೊಂದು ಭಾಗಕ್ಕೆ ಬಿಡುವು ಸಿಗಬೇಕು. ಕೌಜುಗ, ಬುರ್ಲಿ, ಮೊಲ ಎಲ್ಲ ಅದರಲ್ಲೇ ಬದುಕುತ್ತವೆ. ಮುಂದಿನ ಮಾತೆಲ್ಲ ಮೊದಲು ಮರ, ಪೊದೆ ಇದ್ದು ಈಗ ಬೋಳಾದ ಜಮೀನಿಗೆ.

ಮೂರನೆಯದು: ಕಳೆ ತೆಗೆಯುವುದು

ಲಂಟಾನ ಎಲ್ಲೆಡೆ ಇರುತ್ತದೆ. ಮೇಲಿಂದ ಮೇಲೆ ಕಡಿದರೆ ಎರಡು ಪಟ್ಟು ಚಿಗುರುತ್ತದೆ. ಬುಡದ ಮಣ್ಣು ಸ್ವಲ್ಪ ಬಿಡಿಸಿ ನೋಡಿ. ಕಾಂಡ ಬೇರಿಗೆ ಸೇರುವ ಕಡೆ ಗಂಟು ಗಂಟಾಗಿ ದಪ್ಪ ಇರುತ್ತದೆ. ಚಿಗುರು ಬರುವುದೆಲ್ಲ ಆ ಗಂಟಿನಿಂದ. ಅದರ ಕೆಳಗೆ, ನೆಲಮಟ್ಟದಿಂದ ಒಂದೆರಡು ಇಂಚು ಆಳದಲ್ಲಿ ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟುಬಿಡಿ. ಬೇರು ಬಿಸಿಲಿಗೆ ಒಣಗುತ್ತದೆ, ಮತ್ತೆ ಹಿಡಿಯುವುದಿಲ್ಲ. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಕಟ್ಟುವ ಮೊದಲೇ ಇದನ್ನು ಮಾಡಿ. ಜೆಸಿಬಿ ತರಿಸಬೇಡಿ. ನೆಲ ಕೆದಕಿದಷ್ಟೂ ಮಣ್ಣಿನಲ್ಲಿ ಮಲಗಿರುವ ಕಳೆ ಬೀಜ ಏಳುತ್ತದೆ.

ಇನ್ನೊಂದು ವಿಷಯ. ಲಂಟಾನವನ್ನು ಒಂದೇ ಸಲಕ್ಕೆ ಪೂರ್ತಿ ತೆಗೆಯಬೇಡಿ. ಹೊರಗಿನಿಂದ ಬಂದ ಗಿಡವಾದರೂ ಈಗ ಮೊಲ, ಪಿಕಳಾರ, ಕಾಡುಬೆಕ್ಕು ಅಡಗುವುದು ಅದರೊಳಗೇ. ಪಟ್ಟಿ ಪಟ್ಟಿಯಾಗಿ ತೆಗೆಯಿರಿ. ಈ ವರ್ಷ ಮೂರರಲ್ಲಿ ಒಂದು ಭಾಗ ತೆಗೆದು ಅಲ್ಲಿ ನಮ್ಮ ಪೊದೆ ಎಬ್ಬಿಸಿ. ಅದು ಸೊಂಟದೆತ್ತರ ಬಂದ ಮೇಲೆ ಮುಂದಿನ ಪಟ್ಟಿಗೆ ಕೈ ಹಾಕಿ. ಹಕ್ಕಿಗಳು ಮರದ ಮೇಲೆ ಕೂತು ಬೀಜ ಹಾಕುತ್ತಲೇ ಇರುತ್ತವೆ. ಹಾಗಾಗಿ ದೊಡ್ಡ ಮರದ ಬುಡಗಳನ್ನು ಪ್ರತಿ ಮಳೆಗಾಲ ನೋಡಿ ಸಣ್ಣ ಸಸಿ ಇರುವಾಗಲೇ ಕೈಯಿಂದ ಕೀಳಬೇಕು. ಕಿತ್ತ ಲಂಟಾನ ದಂಡವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿ ಬೇಯಿಸಿ, ತೊಗಟೆ ಸುಲಿದು ಕುರ್ಚಿ, ಮೇಜು ಮಾಡುತ್ತಾರೆ. ನಿಮಗೆ ಸೌದೆಯಾಗಿ ಅಥವಾ ಸಸಿ ಸುತ್ತ ಬೇಲಿಯಾಗಿ ಆದೀತು.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಕೀಳಿ, ಕೈಗವಸು ಹಾಕಿಕೊಳ್ಳಿ. ಅದರ ಎಲೆ ಮೇಲೆ ಬಿಳಿ ಮೈಗೆ ಕಂದು ಗೆರೆ ಇರುವ ಸಣ್ಣ ಜೀರುಂಡೆ ಕಂಡರೆ ಬಿಟ್ಟುಬಿಡಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ಕಾಂಗ್ರೆಸ್ ಗಿಡವನ್ನೇ ತಿನ್ನುತ್ತದೆ.

ನಾಲ್ಕನೆಯದು: ಯಾವ ಮರ, ಎಲ್ಲಿ

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನರ್ಸರಿಯಲ್ಲಿ ಏನು ಸಿಕ್ಕಿತೋ ಅದನ್ನೇ ತಂದು ನೆಟ್ಟರೆ ಎಲ್ಲ ಒಂದೇ ಸಲ ಹಣ್ಣು ಬಿಟ್ಟು ಉಳಿದ ಕಾಲ ಖಾಲಿ. ತಿಂಗಳ ಲೆಕ್ಕ ಹಾಕಿ ನೋಡಿ. ಜನವರಿ, ಫೆಬ್ರವರಿಗೆ ಎಲಚಿ ಹಣ್ಣು ಇರುತ್ತದೆ. ಬೂರುಗ, ಮುತ್ತುಗ, ಹಾಲುವಾಣ ಎಲೆ ಉದುರಿಸಿ ಹೂ ಬಿಡುತ್ತವೆ. ಆ ಹೂವಿನ ಮಕರಂದಕ್ಕೆ ಮೈನಾ, ಕಾಗೆ, ಕಾಜಾಣ, ಅಳಿಲು ಎಲ್ಲ ಬರುತ್ತವೆ. ಮಾರ್ಚ್, ಏಪ್ರಿಲ್‌ಗೆ ಹೊಂಗೆ, ಬೇವು ಹೂವಾಗುತ್ತವೆ, ಜೇನಿಗೆ ಅನುಕೂಲ. ಮೇ ಹೊತ್ತಿಗೆ ಕವಳಿ. ಜೂನ್, ಜುಲೈನಲ್ಲಿ ನೇರಳೆ, ಈಚಲು, ಬೇವಿನ ಹಣ್ಣು. ಆಮೇಲೆ ಹುಲ್ಲು, ಕಾಳು, ಹುಳ ಧಾರಾಳ. ನಡುವೆ ಬೀಳುವ ತೂತು ಮುಚ್ಚುವುದು ಆಲದ ಬಳಗ: ಆಲ, ಅತ್ತಿ, ಬಸರಿ, ಗೋಣಿ, ಅರಳಿ.

ಒಂದು ಅತ್ತಿ ಹಣ್ಣು ಬಿಡಿಸಿ ನೋಡಿ. ಒಳಗೆ ಸಣ್ಣ ಸಣ್ಣ ಕಣಜಗಳು ಹರಿದಾಡುತ್ತವೆ, ಎಳ್ಳಿಗಿಂತ ಸಣ್ಣವು. ನಾವು ಹಣ್ಣು ಅನ್ನುವುದು ಒಳಮುಖವಾಗಿ ಅರಳಿದ ಹೂಗೊಂಚಲು. ಅದರ ತುದಿಯ ಕಿರಿದಾದ ಬಾಯಿಂದ ಹೆಣ್ಣು ಕಣಜ ಒಳಗೆ ನುಗ್ಗಿ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದರ ಮರಿಗಳು ಒಳಗೇ ಬೆಳೆದು, ಹೊರಬಂದ ಹೆಣ್ಣುಗಳು ಒಂದೆರಡು ದಿನದಲ್ಲಿ ಅದೇ ಜಾತಿಯ ಇನ್ನೊಂದು ಮರದ ಎಳೆ ಕಾಯಿ ಹುಡುಕಿಕೊಳ್ಳಬೇಕು. ಆದ್ದರಿಂದ ಒಂದು ಸೀಮೆಯ ಅತ್ತಿ ಮರಗಳೆಲ್ಲ ಒಟ್ಟಿಗೆ ಕಾಯಿ ಬಿಟ್ಟರೆ ಕಣಜದ ಸಂತತಿ ಉಳಿಯುವುದಿಲ್ಲ. ಒಂದು ಮರ ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು ಬಿಡುತ್ತದೆ. ಕಣಜಕ್ಕಾಗಿ ಇರುವ ಈ ಏರ್ಪಾಡಿನಿಂದಲೇ ಕೋಗಿಲೆ, ಕುಟ್ರ ಹಕ್ಕಿ, ಮಂಗಟ್ಟೆ, ಬಾವಲಿ, ಪುನುಗು ಬೆಕ್ಕಿಗೆ ವರ್ಷವಿಡೀ ಊಟ.

ನೆಡುವವರಿಗೆ ಇದರಿಂದ ಒಂದು ಪಾಠ ಇದೆ. ಆಲ, ಬಸರಿ, ಗೋಣಿಗಳನ್ನು ಮುಂಗಾರಿನ ಶುರುವಿಗೆ ತೋಳಿನ ದಪ್ಪದ, ಆಳೆತ್ತರದ ಕೊಂಬೆ ಕಡಿದು ನೆಟ್ಟರೆ ಚಿಗುರುತ್ತವೆ. ನಮ್ಮ ಹಳೇ ಸಾಲುಮರಗಳಲ್ಲಿ ಎಷ್ಟೋ ಹಾಗೆ ಬಂದವೇ. ದನ ಬಾಯಿ ಹಾಕದ ಎತ್ತರದಲ್ಲಿ ಚಿಗುರುವುದು ಅದರ ಲಾಭ. ಆದರೆ ಎಲ್ಲ ಕೊಂಬೆಯನ್ನೂ ಒಂದೇ ಮರದಿಂದ ತರಬೇಡಿ. ಅವೆಲ್ಲ ಒಂದೇ ತಾಯಿಯ ಪಡಿಯಚ್ಚು, ಹೆಚ್ಚು ಕಡಿಮೆ ಒಟ್ಟಿಗೇ ಹಣ್ಣು ಬಿಡುವ ಸಂಭವ ಜಾಸ್ತಿ. ಬೇರೆ ಬೇರೆ ಊರಿನ ಮರಗಳಿಂದ ಒಂದೊಂದು ತನ್ನಿ. ಅತ್ತಿಗೆ ಹಳ್ಳದ ದಡ, ತೇವ ಇರುವ ಜಾಗ ಇಷ್ಟ. ಆಲವನ್ನು ಮನೆ, ಬಾವಿ, ಕೆರೆ ಏರಿಯಿಂದ ದೂರ ಇಡಿ. ಎರಡು ಎಕರೆಗೆ ದೊಡ್ಡ ಆಲ ಒಂದೇ ಸಾಕು, ಅದೂ ಪಕ್ಕದವರ ಹೊಲಕ್ಕೆ ನೆರಳು ಬೀಳದ ಕಡೆ.

ಬೇಲಿಯನ್ನು ಮರೆಯಬೇಡಿ. ತುಮಕೂರು ಹತ್ತಿರದ ನಾಗವಲ್ಲಿಯಲ್ಲಿ ಕಾಡುಪಾಪ ಊರಿನ ಪಕ್ಕದಲ್ಲೇ ಬದುಕಿರುವುದು ಹಳೇ ಬೇಲಿ, ತೋಪುಗಳಿಂದ. ರಾತ್ರಿ ಹುಳ ಹಿಡಿದು ತಿನ್ನುವ ಈ ಪುಟ್ಟ ಪ್ರಾಣಿಗೆ ನೆಲಕ್ಕೆ ಇಳಿಯುವುದೇ ಕಷ್ಟ. ಕೊಂಬೆಯಿಂದ ಕೊಂಬೆಗೆ ಹೋಗಬೇಕು. ಕಲ್ಲುಕಂಬ, ತಂತಿ ಹಾಕಿದ ದಿನ ಅದರ ದಾರಿ ಮುಗಿಯಿತು. ಕಳ್ಳಿ, ಲಕ್ಕಿ, ಕಾರೆ, ಕವಳಿ, ಸೀಗೆ, ನಡುನಡುವೆ ಹೊಂಗೆ, ಬೇವು ಸೇರಿಸಿ ಒಂದಾಳು ಅಗಲದ ಜೀವಂತ ಬೇಲಿ ಮಾಡಿ. ಕೊಂಬೆಗಳು ಒಂದನ್ನೊಂದು ಮುಟ್ಟಬೇಕು. ನಿಮ್ಮ ಬೇಲಿ ಪಕ್ಕದವರ ಬೇಲಿಗೆ, ಅಲ್ಲಿಂದ ತೋಪಿಗೆ ಕೂಡಿಕೊಂಡರೆ ಇನ್ನೂ ಒಳ್ಳೆಯದು. ವರ್ಷ ಕಳೆದಂತೆ ಆ ಬೇಲಿಯಲ್ಲಿ ಹಕ್ಕಿ ಹಾಕಿದ ಶ್ರೀಗಂಧದ ಸಸಿ ತಾನಾಗೇ ಏಳುವುದೂ ಉಂಟು.

ನೀಲಗಿರಿ, ಅಕೇಶಿಯಾ, ಸುಬಾಬುಲ್ ಬೇಡ. ನೀಲಗಿರಿಯನ್ನು ಹೊಸದಾಗಿ ನೆಡುವುದಕ್ಕೆ 2017ರಿಂದ ರಾಜ್ಯದಲ್ಲಿ ನಿರ್ಬಂಧವೇ ಇದೆ.

ಐದನೆಯದು: ನೆಡುವ, ಉಳಿಸುವ ಕೆಲಸ

ಏಪ್ರಿಲ್‌ನಲ್ಲಿ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಹಾಕಿ. ತುಂಬುವಾಗ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಗೆದ್ದಲು ಇದ್ದರೆ ಒಂದು ಹಿಡಿ ಬೇವಿನ ಹಿಂಡಿ. ಬಯಲುಸೀಮೆಯಲ್ಲಿ ಜೂನ್‌ನ ಮೊದಲ ಮಳೆ ನಂಬಿ ನೆಟ್ಟರೆ ಜುಲೈನಲ್ಲಿ ಸಸಿ ಬಾಡುತ್ತದೆ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ನೀರು ಹೊರುವ ಅನುಕೂಲ ಇಲ್ಲದಿದ್ದರೆ ಆಗಸ್ಟ್‌ವರೆಗೆ ಕಾಯುವುದೇ ವಾಸಿ.

ಇಳಿಜಾರಿದ್ದರೆ ಸಸಿಯ ಕೆಳಭಾಗಕ್ಕೆ ಅರ್ಧಚಂದ್ರದ ಬದು ಕಟ್ಟಿ. ಮೇಲಿಂದ ಹರಿದ ನೀರು ಬುಡದಲ್ಲಿ ನಿಲ್ಲಬೇಕು. ಸಸಿಯಿಂದ ಒಂದಡಿ ದೂರದಲ್ಲಿ ಒಂದು ಮಣ್ಣಿನ ಮಡಕೆ ಕುತ್ತಿಗೆವರೆಗೆ ಹೂತು, ವಾರಕ್ಕೊಮ್ಮೆ ನೀರು ತುಂಬಿ ಮುಚ್ಚಳ ಹಾಕಿ. ನೀರು ಮೆಲ್ಲಗೆ ಜಿನುಗಿ ಬೇರಿಗೆ ಹೋಗುತ್ತದೆ, ಮೇಲೆ ಆವಿಯಾಗುವುದು ಕಡಿಮೆ. ಎರಡು ಬೇಸಿಗೆ ಹೀಗೆ ದಾಟಿಸಿದರೆ ಆಮೇಲೆ ಅದರ ಪಾಡಿಗೆ ಅದು.

ಬೇವು, ನೇರಳೆಗೆ ಸಸಿಯೇ ಬೇಕೆಂದಿಲ್ಲ. ಆದರೆ ಬೀಜ ಕೂಡಿಟ್ಟುಕೊಳ್ಳಬೇಡಿ. ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಅವು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ತಿರುಳು ತೊಳೆದು ಆಗಲೇ ಬಿತ್ತಿ, ಒಂದು ಕಡೆ ನಾಲ್ಕೈದು ಬೀಜ. ಮುಳ್ಳು ಪೊದೆಯ ಬುಡದಲ್ಲಿ ಬಿತ್ತಿದರೆ ಆಡು ಮುಟ್ಟುವುದಿಲ್ಲ, ನೆರಳೂ ಸಿಗುತ್ತದೆ. ಬಯಲಲ್ಲಿ ನೆಟ್ಟ ಸಸಿಗೆ ಬಳ್ಳಾರಿ ಜಾಲಿಯ ಮುಳ್ಳು ಸುತ್ತಿ. ಜನವರಿಯಲ್ಲಿ ಗಡಿಯುದ್ದಕ್ಕೂ ಆರೇಳು ಅಡಿ ಅಗಲ ಹುಲ್ಲು ಕೆತ್ತಿ ಬೆಂಕಿ ಗೆರೆ ಮಾಡಿ. ಮೂರು ವರ್ಷದ ಕೆಲಸ ಒಂದು ಬೀಡಿ ತುಂಡಿಗೆ ಹೋಗಬಾರದು.

ಆರನೆಯದು: ಕಾಳಿನ ಪಟ್ಟಿ

ಮರ ಫಲ ಕೊಡಲು ವರ್ಷಗಳು ಬೇಕು. ಮೊದಲ ವರ್ಷವೇ ಹಕ್ಕಿ ಕಾಣಬೇಕೆಂದರೆ ಐದಾರು ಗುಂಟೆಯಲ್ಲಿ ಕಾಳಿನ ಪಟ್ಟಿ ಬಿತ್ತಿ. ನವಣೆ, ಸಜ್ಜೆ, ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಹಾಕಿ. ಹುಚ್ಚೆಳ್ಳು ಹೂವಿಗೆ ಜೇನು ಮುತ್ತುತ್ತದೆ. ನವಣೆ ತೆನೆಗೆ ಗೀಜಗ, ರಾಟವಾಳ ಬರುತ್ತವೆ. ಪಕ್ಕದಲ್ಲಿ ಈಚಲು ಇದ್ದರೆ ಗೀಜಗ ಅಲ್ಲೇ ಗೂಡು ನೇಯುತ್ತದೆ.

ಕೊಯ್ಲು ಬಂದಾಗ ಅರ್ಧ ನೀವು ತೆಗೆದುಕೊಳ್ಳಿ. ಉಳಿದದ್ದು ಸಂಕ್ರಾಂತಿ ದಾಟಿ ನಿಂತಿರಲಿ. ಬೆಳೆ ಕೊಯ್ದ ಮೇಲೂ ಕೂಳೆ ಉಳಬೇಡಿ. ಫೆಬ್ರವರಿಯ ಬರಿ ನೆಲದಲ್ಲಿ ಆ ಕೂಳೆ ಮತ್ತು ಅದರ ನಡುವಿನ ಕಳೆಬೀಜವೇ ಬುರ್ಲಿ, ಕೌಜುಗಕ್ಕೆ ಆಸರೆ. ಅಂಗಡಿಯಿಂದ ಬಣ್ಣ ಹಚ್ಚಿದ ಬೀಜ ತಂದು ಬಿತ್ತಬೇಡಿ. ಅದಕ್ಕೆ ಸವರಿರುವ ಔಷಧಿ ಆಯ್ದು ತಿನ್ನುವ ನವಿಲು, ಪಾರಿವಾಳವನ್ನು ಕೊಲ್ಲಬಲ್ಲದು. ಪಟ್ಟಿಗೆ ಯಾವ ಔಷಧಿಯನ್ನೂ ಹೊಡೆಯಬೇಡಿ. ಕಾಳು ತಿನ್ನುವ ಹಕ್ಕಿಯೂ ತನ್ನ ಮರಿಗೆ ಹುಳವನ್ನೇ ಉಣಿಸುತ್ತದೆ.

ಪಟ್ಟಿಯನ್ನು ಜಮೀನಿನ ನಡುಮಧ್ಯೆ ಇಡಿ, ಪೊದೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ರಸ್ತೆ ಪಕ್ಕ ಬೇಡ, ನೆರೆಯವರ ಗಡಿ ಪಕ್ಕ ಬೇಡ. ಕಡಲೆಕಾಯಿ, ಗೆಣಸು, ಮುಸುಕಿನ ಜೋಳ ಹಾಕಬೇಡಿ. ಅವು ಕಾಡುಹಂದಿಯನ್ನು ಕರೆಯುತ್ತವೆ. ಹಂದಿ ನಿಮ್ಮಲ್ಲಿ ತಿಂದು ಪಕ್ಕದವರ ಹೊಲ ಅಗೆದರೆ ಹೊಣೆ ನಿಮ್ಮದೇ ಅಲ್ವಾ? ಆನೆ ಓಡಾಡುವ ಸೀಮೆಯವರಾದರೆ ಹಲಸು, ಬಾಳೆ, ಕಬ್ಬು ಮನೆ ಹತ್ತಿರ ಬೇಡವೇ ಬೇಡ. ಬೆಲ್ಲ, ಉಪ್ಪು, ಹಣ್ಣು ತಂದು ಸುರಿಯುವುದೂ ಬೇಡ. ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಸವರುವುದನ್ನು ನೋಡಿ ಬಂದವರಿಗೆ ತಾವೂ ಮಾಡಬೇಕೆನಿಸುತ್ತದೆ. ಅದು ಅರಣ್ಯ ಇಲಾಖೆಯ ಧಾಮ. ನಿಮ್ಮ ಜಮೀನಿನ ಸುತ್ತ ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ. ಕೈಯಿಂದ ಸಿಕ್ಕ ಊಟಕ್ಕೆ ಒಗ್ಗಿದ ಪ್ರಾಣಿ ಮನುಷ್ಯನ ಭಯ ಕಳೆದುಕೊಳ್ಳುತ್ತದೆ. ಕೊನೆಗೆ ಏಟು ತಿನ್ನುವುದು ಅದೇ.

ಏಳನೆಯದು: ನೀರು, ಒಣಮರ, ಸವರುವುದು

ನೀರಿಗೆ ದೊಡ್ಡ ಹೊಂಡ ಬೇಕಿಲ್ಲ. ಗೋಕಟ್ಟೆಯ ಒಂದು ದಡವಾದರೂ ಇಳಿಜಾರಾಗಿರಲಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಪ್ರಾಣಿಗೆ ಜಾರುಬಂಡೆ, ಒಳಗೆ ಬಿದ್ದರೆ ಹತ್ತಲಾಗುವುದಿಲ್ಲ. ಅದಕ್ಕೆ ಹಗ್ಗದ ಬಲೆ ಅಥವಾ ಮರದ ಏಣಿ ಇಳಿಬಿಡಿ. ಪಾಳು ಬಾವಿ ಇದ್ದರೆ ಇವತ್ತೇ ಕಟ್ಟೆ ಕಟ್ಟಿಸಿ. ಚಿರತೆ, ನರಿ, ಕಾಡುಬೆಕ್ಕು ತೆರೆದ ಬಾವಿಗೆ ಬೀಳುವ ಸುದ್ದಿ ಪ್ರತಿ ವರ್ಷ ಬರುತ್ತದೆ.

ಒಣಗಿ ನಿಂತ ಮರವನ್ನು ದಾರಿ ಮೇಲೆ ಬೀಳುವ ಹಾಗಿಲ್ಲದಿದ್ದರೆ ಬಿಡಿ. ಮರಕುಟಿಗ ಕೊರೆದ ಪೊಟರೆಗೆ ಆಮೇಲೆ ಗಿಳಿ, ಮೈನಾ, ಹಾಲಕ್ಕಿ ಸೇರಿಕೊಳ್ಳುತ್ತವೆ. ಕೊಂಬೆ ಸವರುವುದಿದ್ದರೆ ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿ. ಮಾರ್ಚ್‌ನಿಂದ ಗೂಡಿನ ಕಾಲ. ಸವರಿದ ಸೊಪ್ಪುಸದೆ ಸುಡದೆ ಒಂದು ಮೂಲೆಯಲ್ಲಿ ಒಟ್ಟಿದರೆ ಓತಿಕ್ಯಾತ, ಕಪ್ಪೆ, ಮೊಲಕ್ಕೆ ಮನೆ.

ಮರ ಕಡಿಯುವುದಾದರೆ ಸ್ವಂತ ಜಮೀನಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಹೇಗೂ ವಲಯ ಅರಣ್ಯ ಕಚೇರಿಗೆ ಹೋದಾಗ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬಗ್ಗೆ ಕೇಳಿ. ಕಡಿಮೆ ದರಕ್ಕೆ ಸಸಿ ಕೊಡುತ್ತಾರೆ. ಮೂರು ವರ್ಷ ಬದುಕುಳಿದ ಸಸಿ ಎಣಿಸಿ ಪ್ರೋತ್ಸಾಹಧನವನ್ನೂ ಕೊಡುತ್ತಾರೆ. ಯಾವ ಜಾತಿಗೆ ಅನ್ವಯ, ಈಗಿನ ದರ ಎಷ್ಟು ಅಂತ ಅಲ್ಲೇ ವಿಚಾರಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಒಯ್ಯಿರಿ.

ಎಂಟನೆಯದು: ಬರೆದಿಡುವುದು

ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಂದು ಪುಟ ಸಾಕು. ಏನು ಹೂವಾಯಿತು, ಏನು ಹಣ್ಣಾಯಿತು, ಯಾರು ಬಂದು ತಿಂದರು, ನೀರು ಎಷ್ಟಿತ್ತು. ಎರಡು ವರ್ಷದ ಪುಟ ಪಕ್ಕಪಕ್ಕ ಇಟ್ಟು ನೋಡಿದರೆ ಖಾಲಿ ತಿಂಗಳು ತಾನೇ ಕಾಣುತ್ತದೆ. ಮುಂದಿನ ಆಗಸ್ಟ್‌ನಲ್ಲಿ ಯಾವ ಸಸಿ ನೆಡಬೇಕು ಎಂದು ತೀರ್ಮಾನ ಮಾಡುವುದು ಆ ಪುಟ ನೋಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಮಾರ್ಚ್ ಖಾಲಿ ಇದ್ದರೆ ಮುತ್ತುಗ, ಬೂರುಗದ ಜೊತೆಗೆ ಬೇರೆ ಊರಿನ ಒಂದು ಬಸರಿ ಕೊಂಬೆ ಹುಡುಕಲು ಈಗಲೇ ಹೇಳಿಡಿ.